ಟವೆಲ್ಲಿನ ಕೆಳಗೆ ಬಾದಲ್

ಬೇಡ ಎನ್ನುವುದು ನನಗೆ ಬರುವುದಿಲ್ಲ. ಬಟ್ಟೆ ಅಂಗಡಿಯಲ್ಲಿ ಆ ಮನುಷ್ಯ ಪಾಪ, ಹತ್ತು ಶರ್ಟು ಬಿಚ್ಚಿ ತೋರಿಸಿದ ಮೇಲೆ ಬರಿಗೈಯಲ್ಲಿ ಎದ್ದು ಬರುವುದು ಹೇಗೆ? ಹೀಗಾಗಿ ನನ್ನ ಕಪಾಟಿನಲ್ಲಿ ನಾನು ಎಂದೂ ತೊಡದ ಅಂಗಿಗಳು ಬಹಳ ಇವೆ. ಅವುಗಳಲ್ಲಿ ಗಿಳಿಹಸಿರು ಬಣ್ಣದ ಒಂದನ್ನು ನನ್ನ ಹೆಂಡತಿ ಕಮಲಾ ಹೊಲಿದು ತಲೆದಿಂಬಿಗೆ ತೊಡಿಸಿದ್ದಾಳೆ. ಶರ್ಟಿನ ಮಟ್ಟಿಗೆ ಇದು ನಡೆಯುತ್ತದೆ. ಆದರೆ ಕಳೆದ ತಿಂಗಳು ನಾನು ಕೊಳ್ಳಲು ಹೊರಟದ್ದು ಕುದುರೆಯನ್ನು, ಅದೂ ತಳಿಗೆ ಬಿಡುವ ಗಂಡು ಕುದುರೆಯನ್ನು. ಅದನ್ನು ಯಾವ ತಲೆದಿಂಬಿಗೂ ತೊಡಿಸಲಾಗುವುದಿಲ್ಲ.

ನನ್ನದು ಬೆಳಗಾವಿಯ ಖಾಸಬಾಗದಲ್ಲಿ ಮದುವೆ ಕುದುರೆಯ ಧಂದೆ. ಮದುಮಗನನ್ನು ಕೂರಿಸುವುದು ಹೆಣ್ಣು ಕುದುರೆಯ ಮೇಲೆಯೇ. ಗಂಡಿನ ಮೇಲೆ ಕೂರಿಸಿದರೆ ಬ್ಯಾಂಡಿನ ಸದ್ದಿಗೆ ಅದು ಎತ್ತ ಓಡೀತೋ, ಮದುಮಗ ಯಾರ ಮದುವೆಯ ಮಂಟಪ ಮುಟ್ಟಿಯಾನೋ ಹೇಳಲಾಗದು. ನನ್ನ ಬಳಿ ಇರುವುದು ಎರಡು, ಗುಲಾಬಿ ಮತ್ತು ಚಂಪಾ. ಚಂಪಾ ಇನ್ನೂ ಹರೆಯದ್ದು. ಗುಲಾಬಿ ಹಿಂದವಾಡಿಯ ಅರ್ಧ ಗಂಡಸರನ್ನು ಸಂಸಾರಕ್ಕೆ ಮುಟ್ಟಿಸಿದ ಕುದುರೆ. ಅವರಲ್ಲಿ ಕೆಲವರು ಈಗಲೂ ದಾರಿಯಲ್ಲಿ ಕಂಡರೆ ಅದರ ಕಡೆ ಒಂದು ಥರ ನೋಡುತ್ತಾರೆ, ತಪ್ಪು ಅದರದಲ್ಲ. ಹೋದ ಹಂಗಾಮಿನಲ್ಲಿ ಒಬ್ಬ ಭಾರದ ಮದುಮಗನನ್ನು ಹೊತ್ತು ನಡುರಸ್ತೆಯಲ್ಲಿ ನಿಂತುಬಿಟ್ಟಿತು. ಅಂದಿನಿಂದ ಅದನ್ನು ಮೆರವಣಿಗೆಗೆ ಒಯ್ದಿಲ್ಲ.

ಅಷ್ಟರಲ್ಲಿ ಖಾನಾಪುರದ ಜಿನ್ನಪ್ಪ ಕಾಕಾ ತಮ್ಮ ಗಂಡು ಕುದುರೆ ಬಾದಲ್‌ನನ್ನು ಮಾರುತ್ತಾರಂತೆ ಎಂಬ ಸುದ್ದಿ ಬಂತು, ಹಿಂದೆಯೇ ಮೊಬೈಲಿಗೆ ವಿಡಿಯೋ ಬಂತು. ಹಾಲಿನಂಥ ಬಿಳುಪು, ತುದಿ ಕೂಡುವ ಕಿವಿ. ಚಂಪಾಗೆ ಮರಿಗಳಾದರೆ ನನ್ನ ಕೊನೆಗಾಲದವರೆಗೂ ಧಂದೆಗೆ ಚಿಂತೆಯಿಲ್ಲ ಎಂದು ಲೆಕ್ಕ ಹಾಕಿದೆ. ಬೆಲೆ ಕೇಳಿದವರು ಮೊದಲು ನೀರು ಕುಡಿಯುತ್ತಿದ್ದರು. ಆದರೆ ನನ್ನ ನಿದ್ದೆ ಕೆಡಿಸಿದ್ದು ಬೆಲೆಯಲ್ಲ. ನಮ್ಮ ಲಾಯದಲ್ಲಿ ಎರಡಕ್ಕಷ್ಟೇ ಜಾಗ. ಬಾದಲ್ ಬಂದರೆ ಗುಲಾಬಿ ಹೋಗಬೇಕು. ಅದನ್ನು ಒಯ್ಯಲು ಒಬ್ಬ ದಲ್ಲಾಳಿ ತಯಾರಿದ್ದ. ಎಲ್ಲಿಗೆ ಒಯ್ಯುತ್ತೀ ಎಂದು ನಾನು ಕೇಳಲಿಲ್ಲ. ಕೇಳದೆ ಇದ್ದದ್ದು ಮರೆವಿನಿಂದಲ್ಲ.

ಕಮಲಾಳನ್ನು ಕೇಳಿದೆ. "ನಿಮ್ಮ ಮನಸಿಗೆ ಬಂದಂಗ ಮಾಡ್ರಿ" ಅಂದಳು. ಮದುವೆಯಾದ ಗಂಡಸರಿಗೆ ಇದಕ್ಕಿಂತ ಭಯಂಕರ ಮಾತು ಇನ್ನೊಂದಿಲ್ಲ. ಖಾನಾಪುರಕ್ಕೆ ತಾನೂ ಬರುತ್ತೇನೆಂದು ಸೀರೆ ಬದಲಿಸಿ ನನಗಿಂತ ಮೊದಲೇ ಬಸ್ಸು ಹತ್ತಿದಳು.

ಜಿನ್ನಪ್ಪ ಕಾಕಾ ಅಂಗಳದಲ್ಲಿ ಕೂತಿದ್ದರು. "ಬರ್ರಿ, ಕುಂದರ್ರಿ. ಮೊದ್ಲ ಚಾ ಕುಡೀರಿ, ಕುದರಿ ಎಲ್ಲೂ ಓಡಿ ಹೋಗೂದಿಲ್ಲ" ಅಂದರು. ಓಡಿಹೋಗುವ ಮಾತೇ ಇರಲಿಲ್ಲ. ಬಾದಲ್ ಅವರ ಹೆಗಲ ಮೇಲೆ ಗದ್ದ ಊರಿ ನಿಂತಿತ್ತು. ಕಮಲಾ ಕುದುರೆ ಸಾಕಿದವರ ಮನೆಯ ಮಗಳು. ಎದ್ದು ಹೋಗಿ ಹಣೆ, ಕುತ್ತಿಗೆ, ಎದೆಯ ಕೂದಲ ಸುಳಿಗಳನ್ನೆಲ್ಲ ಬೆರಳಾಡಿಸಿ ನೋಡಿದಳು. "ಸುಳಿ ಎಲ್ಲಾ ಛಲೋ ಅದಾವ. ಇಂಥಾದ್ದನ್ನ ಯಾಕ ಮಾರ್ತೀರಿ ಕಾಕಾ?" ಅಂದಳು.

"ಮೊಣಕಾಲ ಸೋತಾವ ಮಗಳ. ದಿನಾ ಹೊಳಿತನಕ ತಿರುಗಾಡಸಾಕ ಆಗವಲ್ತು. ನಿಂತಲ್ಲೇ ನಿಂತ್ರ ಅದರ ಕಾಲೂ ನನ್ನ ಕಾಲಿನಂಗ ಆಗ್ತಾವ."

ನಮ್ಮ ಕಡೆ ದನ, ಕುದುರೆಗಳ ವ್ಯಾಪಾರದಲ್ಲಿ ಬಾಯಿಗೆ ಕೆಲಸವಿಲ್ಲ. ಇಬ್ಬರೂ ಟವೆಲ್ಲಿನ ಕೆಳಗೆ ಕೈ ಹಿಡಿದುಕೊಳ್ಳಬೇಕು. ಎಷ್ಟು ಬೆರಳು ಅದುಮಿದರೆ ಅಷ್ಟು ಲಕ್ಷ. ಸುತ್ತ ನಿಂತವರಿಗೆ ಏನೂ ತಿಳಿಯಬಾರದು. ಮಾರುವವನು ಇಳಿಯುತ್ತಾನೆ, ಕೊಳ್ಳುವವನು ಏರುತ್ತಾನೆ, ನಡುವೆ ಎಲ್ಲೋ ಕೂಡುತ್ತಾರೆ. ಕಾಕಾ ನನ್ನ ಐದೂ ಬೆರಳು ಅದುಮಿದರು. ನಾನು ನಾಲ್ಕು ಅದುಮಿದೆ. ಕಾಕಾ ಸ್ವಲ್ಪ ತಡೆದು ಐದು ಅದುಮಿ, ಮೇಲೆ ಇನ್ನೊಂದು ಅದುಮಿದರು. ಲೆಕ್ಕ ತಪ್ಪಿರಬೇಕೆಂದು ನಾನು ಅವರ ಮುಖ ನೋಡಿದೆ. ಅವರು ಹೊಳೆಯ ಕಡೆ ನೋಡುತ್ತಿದ್ದರು. ಯಾಕೋ ನನಗೆ ಎದೆ ಹಗುರಾಯಿತು. ಮೂರು ಅದುಮಿದೆ. ಅವರು ಏಳಕ್ಕೆ ಹೋದರು. ನಾನು ಎರಡಕ್ಕೆ ಇಳಿದೆ. ನೋಡಲು ಬಂದಿದ್ದ ನೆರೆಯವರು ವ್ಯಾಪಾರ ಬಲು ಗಂಭೀರವಾಗಿ ನಡೆದಿದೆ ಎಂದು ತಲೆಯಾಡಿಸುತ್ತಿದ್ದರು. ಕಾಕಾ ಎಂಟು ಮುಟ್ಟಿದರು. ನಾನು ಕಿರುಬೆರಳೊಂದನ್ನೇ ಹಿಡಿದೆ. ಅಂಥ ಕುದುರೆಗೆ ಅಷ್ಟು ಕಡಿಮೆ ಕೇಳುವುದು ಬೈಗುಳಕ್ಕೆ ಸಮ. ಕಾಕಾ ಸಿಟ್ಟಾಗಲಿಲ್ಲ, ಕೈಯನ್ನೂ ಬಿಡಲಿಲ್ಲ. ನಾನೂ ಬಿಡಲಿಲ್ಲ.

ಕಮಲಾ ಅಷ್ಟು ಹೊತ್ತು ನಮ್ಮಿಬ್ಬರ ಮುಖವನ್ನೇ ನೋಡುತ್ತಿದ್ದವಳು ಬಂದು ಟವೆಲ್ ಎಳೆದುಬಿಟ್ಟಳು. ನೆರೆಯವರು ಅಯ್ಯಯ್ಯೋ ಅಂದರು. ವ್ಯಾಪಾರದ ನಡುವೆ ಟವೆಲ್ ತೆಗೆಯುವುದನ್ನು ಆ ಊರಲ್ಲಿ ಯಾರೂ ಕಂಡಿರಲಿಲ್ಲ.

"ಕಾಕಾ, ನಿಮಗ ಕೊಡೂ ಮನಸಿಲ್ಲ. ಇವರಿಗೆ ತಗೊಳೂ ಮನಸಿಲ್ಲ. ಖರೇ ಹೇಳ್ರಿ."

ಕಾಕಾ ಕಣ್ಣೊರೆಸಿಕೊಂಡರು. "ಬಾಯಿ ಮಾರ್ತೇನಿ ಅಂತೈತಿ, ಕೈ ಒಪ್ಪವಲ್ತವ್ವಾ" ಅಂದರು. ಬಾದಲ್ ಬಂದರೆ ನಮ್ಮ ಗುಲಾಬಿಗೆ ಲಾಯದಲ್ಲಿ ಜಾಗವಿಲ್ಲ ಎಂದಷ್ಟೇ ನಾನು ಹೇಳಿದೆ. ಅವರಿಗೆ ಎಲ್ಲ ತಿಳಿಯಿತು.

"ಹಂಗಾರ ಮಾರೂದ್ಯಾಕ? ಚಂಪಾನ್ನ ಇಲ್ಲಿಗೆ ಕರಕೊಂಡ ಬರ್ತೇವಿ. ಬಾದಲ್‌ನ ಹೊಳಿಗೆ ತಿರುಗಾಡಸಾಕ ದಿನಾ ಮುಂಜಾನಿ ಬಸ್ಸಿಗೆ ಇವರು ಬರ್ತಾರ" ಅಂದಳು ಕಮಲಾ. ಇವರು ಎಂದರೆ ನಾನು. ನನ್ನನ್ನು ಯಾರೂ ಕೇಳಲಿಲ್ಲ.

"ಮರಿ ಹುಟ್ಟಿದ್ರ ಮೊದ್ಲ ನನಗ ತೋರಸ್ಬೇಕು" ಅಂದರು ಕಾಕಾ. ಅದೊಂದೇ ಅವರ ಕರಾರು. ಇಷ್ಟು ಸರಳವಾದದ್ದು ಒಂದು ತಿಂಗಳು ನಿದ್ದೆಗೆಟ್ಟರೂ ನನ್ನ ತಲೆಗೆ ಯಾಕೆ ಹೊಳೆಯಲಿಲ್ಲವೋ ಗೊತ್ತಿಲ್ಲ.

ಸಂಜೆ ಖಾಸಬಾಗ ಮುಟ್ಟಿದವನೇ ಲಾಯಕ್ಕೆ ಹೋದೆ. ಗುಲಾಬಿ ನನ್ನ ಕಿಸೆ ಮೂಸಿತು. ನನಗೆ ಉಕ್ಕಿಬಂತು. ಕುತ್ತಿಗೆ ತಬ್ಬಿಕೊಂಡು, "ಗುಲಾಬೀ, ಇವತ್ತ ನಿನ್ನ ಹೆಂಗ ಉಳಸ್ಕೊಂಡೆ ಗೊತ್ತೈತೇನ?" ಅಂದೆ.

ಹಿಂದಿನಿಂದ ನೀರಿನ ಬಕೆಟ್ಟು ಹಿಡಿದು ಬಂದ ಕಮಲಾ ಮೆಲ್ಲಗೆ ಅಂದಳು: "ಸುಮ್ನಿರ್ರಿ. ಯಾರ ಕೈಯಾಗಿಂದ ಉಳಸಿದ್ರಿ ಅಂತ ಅದು ಕೇಳಿದ್ರ ಏನ ಹೇಳ್ತೀರಿ?"

ನಾನು ಬಕೆಟ್ಟು ಇಸಿದುಕೊಂಡು ನೀರು ಕುಡಿಸಿದೆ.