ಚಾದರ ಬಿಚ್ಚುವ ಹೊತ್ತು

ಚಿನ್ಮಯಾ, ಗೌರೀ, ನಿಮ್ಮದು ಮರಾಠಿ ಸಾಲೆ, ಕನ್ನಡ ಓದಲು ಬಾರದು. ಅಜ್ಜಿ ಬರೆದ ಇದನ್ನು ಅಪ್ಪನಿಂದ ಓದಿಸಿಕೊಳ್ಳಿ. ಅವನು ನಗುತ್ತ ನಿಂತುಬಿಟ್ಟರೆ "ಮುಂದ ಓದು" ಅನ್ನಿ.

ನಿಮ್ಮಮ್ಮ ಸುನಂದಾ ವೆಬ್ ಪುಟ ಮಾಡುವುದನ್ನು ಕಲಿತು, ಸೊಲ್ಲಾಪುರದ ಒಬ್ಬ ಚಾದರ ವ್ಯಾಪಾರಿಗೆ ಮಾದರಿ ಪುಟ ಮಾಡಿದ್ದಳು. ಅವರು ಒಪ್ಪಿದರೆ ಅದೇ ಅವಳ ಮೊದಲ ಕೆಲಸ. ಪರದೆಯ ಮೇಲಿನ ಚಾದರ ಮುಟ್ಟಿದರೆ ಬಿಚ್ಚಿಕೊಳ್ಳುತ್ತಿತ್ತು, ಮತ್ತೆ ಮುಟ್ಟಿದರೆ ಮಡಚಿಕೊಳ್ಳುತ್ತಿತ್ತು. ಕಣ್ಣು ಮಿಟುಕಿಸುವಷ್ಟರಲ್ಲಿ!

"ಇಷ್ಟ್ಯಾಕ ಗಡಬಡಿ? ಕಳ್ಳರು ಬಿಚ್ಚಿದಂಗ ಆತಲ್ಲವ್ವಾ!" ಎಂದೆ.

"ಹಂಗಾದ್ರ ನೀವೇ ಹೊಂದಿಸ್ರಿ ಅತ್ತಿ. ಇದು ಬಿಚ್ಚೋ ಹೊತ್ತು, ಇದು ಮಡಚೋ ಹೊತ್ತು. ಸೆಕೆಂಡಿನ ಲೆಕ್ಕ," ಎಂದು ಅಂಕಿ ತೋರಿಸಿ ಅವಳು ಚಹಾಕ್ಕಿಡಲು ಹೋದಳು.

ನಾಗಣಸೂರಿನ ಸಾಲೆಯಲ್ಲಿ ಅಂಕಿ ಕಲಿತವಳು ನಾನು. ನನಗೆಂಥ ಹೆದರಿಕೆ! ಹೊಸ ಚಾದರವನ್ನು ನಾಲ್ಕು ಜನರೆದುರು ಮರ್ಯಾದೆಯಿಂದ ಬಿಚ್ಚಬೇಕು. ಎಂಟು ಬರೆದೆ. ಮಡಚಲು ಇನ್ನೂ ಹೊತ್ತು ಬೇಕು. ಅಷ್ಟು ಭಾರದ ಚಾದರ ಒಬ್ಬಳ ಕೈಗೆ ಬಗ್ಗುತ್ತದೆಯೇ? ಇಪ್ಪತ್ತು ಬರೆದೆ.

ಅವಳು ಬಂದು ನೋಡುವ ಮೊದಲೇ ಆ ಚಾದರದ ಸಾಹುಕಾರರು ಪುಟ ನೋಡಲು ಬಂದರು. ಪರಗಂಡಸರೆದುರು ನನಗೆ ಮಾತೇ ಹೊರಡುವುದಿಲ್ಲ. ಬಾಗಿಲ ಹಿಂದೆ ಸೇರಿದೆ.

ಅವರು ಮುಟ್ಟಿದರು. ಚಾದರದ ಅಂಚು ತುಸು ಅಲುಗಿತು. ಮತ್ತೆ ಮುಟ್ಟಿದರು. ಹಿಂದಕ್ಕೆ ಸರಿಯಿತು. ಮತ್ತೆ, ಮತ್ತೆ!

"ಏನ್ ತಂಗಿ, ನಮ್ಮ ಚಾದರಕ್ಕ ಮೊಣಕಾಲು ಹಿಡದಾವೇನು?"

"ಮುಂಜಾನಿ ಚಲೋ ಇತ್ರಿ..." ಸುನಂದಾಳ ಮುಖ ಸಪ್ಪಗಾಯಿತು. ಸಾಹುಕಾರರು ಎದ್ದು ಚಪ್ಪಲಿ ಮೆಟ್ಟತೊಡಗಿದರು.

ನನಗೇನಾಯಿತೋ! ಹೊರಬಂದು ಕೂಗಿಬಿಟ್ಟೆ: "ಕುಂದರ್ರಿ! ಪೂರಾ ಬಿಚ್ಚೂತನಕ ಕೈ ಹಚ್ಚಬ್ಯಾಡ್ರಿ! ಅಂಕಿ ಬದಲಿಸಿದಾಕಿ ನಾನು, ಆಕಿ ಅಲ್ಲ!"

ಸಾಹುಕಾರರು ಮತ್ತೊಮ್ಮೆ ಮುಟ್ಟಿ, ಸಾಲೆ ಹುಡುಗನಂತೆ ಕೈಕಟ್ಟಿ ಕುಳಿತರು. ಚಾದರ ಮೆಲ್ಲಗೆ ಬಿಚ್ಚಿಕೊಂಡಿತು. ಅಂಚಿನ ನವಿಲುಗಳು ಒಂದೊಂದಾಗಿ ಹೊರಬಂದವು.

"ಭಾರಿ ಚೆಂದ ಅದ," ಎಂದರು. "ಆದ್ರ ಆಯಿ, ಇಷ್ಟೊತ್ತಿಗೆ ಗಿರಾಕಿ ಅಕ್ಕಲಕೋಟ ಮುಟ್ಟಿರ್ತಾನ!" ಎಂದು ಮಡಚಲು ಬೆರಳಿಟ್ಟರು.

"ಚಹಾ ಕುಡೀರಿ," ಎಂದೆ ಸಣ್ಣ ದನಿಯಲ್ಲಿ, ಬಸಿಗೆ ಚಹಾ ಸುರಿದುಕೊಟ್ಟು. "ಮಡಚಾಕ ಇನ್ನೂ ಟೈಮ್ ಹಿಡೀತದ."

ಅವರು ನಕ್ಕ ರಭಸಕ್ಕೆ ಬಸಿಯ ಚಹಾ ಚೆಲ್ಲಿತು. ಸುನಂದಾ ಅಲ್ಲೇ ಅಂಕಿ ತಿದ್ದಿದಳು. ಕೆಲಸ ಸಿಕ್ಕಿತು.

ಅವರು ಹೋದ ಮೇಲೆ ಅವಳು ನನ್ನ ಕೈ ಹಿಡಿದು, "ನನ್ನ ಸಲುವಾಗಿ ಹೊರಗ ಬಂದ್ರಲ್ಲ ಅತ್ತಿ!" ಎಂದಳು. ಕಣ್ಣು ತುಂಬಿ ಬಂದಿತ್ತು. ಅಂಕಿಯ ಮಾತನ್ನು ಎತ್ತಲೇ ಇಲ್ಲ. ಲ್ಯಾಪ್‌ಟಾಪಿಗೆ ಮಾತ್ರ ಅಂದೇ ಪಾಸ್‌ವರ್ಡ್ ಹಾಕಿದಳು!

ಈ ಹಾಳೆಗಳನ್ನು ಜೋಪಾನ ಮಾಡಿರಿ, ಮಕ್ಕಳೇ. ನಿಮ್ಮಮ್ಮನ ಮೊದಲ ಕೆಲಸದಲ್ಲಿ ನನ್ನದೂ ಒಂದು ಪಾಲಿದೆ. ಕೆಡಿಸಿದ ಪಾಲು!