ನಮ್ಮ ಭಜನಾ ಮಂಡಳದ ರೇಡಿಯೋ

ಕೆಲವರಿಗೆ ಹುಟ್ಟಿನಿಂದಲೇ ‘ಒಲ್ಲೆ’ ಎನ್ನಲು ಬರುತ್ತದೆ. ನನಗೆ ಈ ವಯಸ್ಸಿನವರೆಗೂ ಬಂದಿಲ್ಲ. ಬೀಗರ ಮನೆಯಲ್ಲಿ ಮೂರನೆಯ ಹೋಳಿಗೆ ಎಲೆಗೆ ಬೀಳುವಾಗ ಕೈ ಅಡ್ಡ ಹಿಡಿಯಲೂ ನಾಚಿಕೆ. ತಿಂದು, ಮನೆಗೆ ಬಂದು, ಅಜವಾನ ಜಗಿಯುತ್ತಾ ಕೂರುತ್ತೇನೆ. ಮಕ್ಕಳೇ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮೂರ ರೇಡಿಯೋದ ಚರಿತ್ರೆ ಶುರುವಾಗುವುದೇ ನನ್ನ ಈ ದೋಷದಿಂದ. ಮೊನ್ನೆ ಪಲ್ಲವಿ ಶಾಲೆಯಿಂದ ಬಂದವಳೇ, ನಾನು ಒಗ್ಗರಣೆ ಹಾಕುತ್ತಿದ್ದಾಗ ಕೇಳಿದಳು: “ಅಜ್ಜಿ, ಊರಾಗಿನ ಒಂದು ಸಂಸ್ಥೆ ಬಗ್ಗೆ ಬರಕೊಂಡು ಬರ್ರಿ ಅಂದಾರ ನಮ್ಮ ಟೀಚರು. ನಮ್ಮ ಬ್ಯಾಡಗಿ ರೇಡಿಯೋದ ಮಾಲಕರು ಯಾರು?”

“ನಾನ ನೋಡವ್ವಾ” ಎಂದೆ.

ಅವಳು ನಗಲು ಶುರು ಮಾಡಿದವಳು ನಿಲ್ಲಿಸಲೇ ಇಲ್ಲ. “ಚಾಷ್ಟಿ ಬ್ಯಾಡ ಅಜ್ಜಿ, ಖರೇ ಹೇಳು!” ನಾನು ಹೇಳಿದ್ದು ಖರೇ. ಅವಳು ನಂಬಲಿಲ್ಲವೆಂದೇ ಇದನ್ನು ಬರೆಯಲು ಕೂತಿದ್ದೇನೆ. ಏಳನೆಯ ಇಯತ್ತೆಯವರೆಗೆ ಹಳ್ಳಿಯ ಶಾಲೆಯಲ್ಲಿ ಕಲಿತವಳ ಬರಹ, ತಪ್ಪಿದ್ದರೆ ತಿದ್ದಿಕೊಳ್ಳಿ.

ನಮ್ಮ ಓಣಿಯ ಹೆಂಗಸರು ಸೋಮವಾರ ಸಂಜೆ ಬಸವಣ್ಣನ ಗುಡಿಯಲ್ಲಿ ಭಜನೆ ಮಾಡುತ್ತಿದ್ದೆವು. ಮಂಡಳವನ್ನು ನೋಂದಣಿ ಮಾಡಿಸಿದರೆ ಸರಕಾರದಿಂದ ಹಾರ್ಮೋನಿಯಂ ಸಿಗುತ್ತದೆ ಎಂದು ಯಾರೋ ಸುದ್ದಿ ತಂದರು. ನೋಂದಣಿಗೆ ಒಬ್ಬ ಅಧ್ಯಕ್ಷೆ ಬೇಕಲ್ಲ? “ನಾ ಒಲ್ಲೆವಾ, ನಮ್ಮ ಮನ್ಯಾಗ ಬೈತಾರ” ಎಂದು ಒಬ್ಬೊಬ್ಬರೇ ಜಾರಿಕೊಂಡರು. ಅಷ್ಟು ಜನರ ನಡುವೆ ಬಾಯಿ ತೆರೆಯಲು ನಾಚಿ ನಾನು ತಾಳ ಹಿಡಿದುಕೊಂಡು ಸುಮ್ಮನೆ ಕೂತಿದ್ದೆ. ಸುಮ್ಮನೆ ಕೂತವಳನ್ನೇ ಅಧ್ಯಕ್ಷೆ ಮಾಡಿದರು. ಹಾರ್ಮೋನಿಯಂ ಇವತ್ತಿಗೂ ಬಂದಿಲ್ಲ.

ಅದಾಗಿ ಎಷ್ಟೋ ವರ್ಷದ ಮೇಲೆ ನಿಮ್ಮ ಅಜ್ಜನಿಗೆ ರೇಡಿಯೋ ಹುಚ್ಚು ಹಿಡಿಯಿತು. ಮೆಣಸಿನಕಾಯಿ ಪೇಟೆಯಲ್ಲಿ ದಲಾಲಿ ಅಂಗಡಿ ಇಟ್ಟವರಿಗೆ ಮಾತೇನು ಕಡಿಮೆಯೇ? ಆದರೂ ಊರಿಗೊಂದು ರೇಡಿಯೋ ಆಗಬೇಕು ಎಂದು ಹಾವೇರಿಯ ಒಬ್ಬ ವಕೀಲ ಗೆಳೆಯರನ್ನು ಕಟ್ಟಿಕೊಂಡು ಓಡಾಡಿದರು. ವ್ಯಾಪಾರಸ್ಥರಿಗಾಗಲಿ, ಒಬ್ಬ ಮನುಷ್ಯನಿಗಾಗಲಿ ಅಂಥ ಪರವಾನಗಿ ಕೊಡುವುದಿಲ್ಲ, ಹಳೆಯ ನೋಂದಣಿ ಇರುವ, ಲಾಭಕ್ಕೆ ನಡೆಯದ ಸಂಘ ಬೇಕು ಎಂದು ಸರಕಾರದವರು ಹೇಳಿದರಂತೆ. ಇಬ್ಬರೂ ಮುಖ ಸಣ್ಣದು ಮಾಡಿಕೊಂಡು ನಮ್ಮ ಪಡಸಾಲೆಯಲ್ಲಿ ಕೂತಿದ್ದಾಗ ನಾನು ಚಹಾ ಕೊಡಲು ಹೋದೆ. ವಕೀಲರು ಬಸಿಯನ್ನು ಹಾಗೇ ಕೈಯಲ್ಲಿ ಹಿಡಿದು, “ವೈನಿ, ನಿಮ್ಮ ಭಜನಾ ಮಂಡಳ ಶುರುವಾಗಿ ಎಷ್ಟ ವರ್ಷ ಆತ್ರಿ?” ಎಂದರು.

ಮರುದಿನ ನಿಮ್ಮ ಅಜ್ಜ ಕಾಗದ ತಂದು, “ಇಲ್ಲೊಂದು ಸಹಿ ಮಾಡು” ಎಂದರು. ನಮ್ಮ ಕಡೆ ಹೆಂಡತಿಯ ಸಹಿ ಎಂದರೆ ಇಷ್ಟೇ: ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಳ್ಳುವುದು, ಗಂಡ ಬೆರಳಿಟ್ಟ ಜಾಗದಲ್ಲಿ ಹೆಸರು ಬರೆಯುವುದು, ತವದ ಮೇಲಿನ ರೊಟ್ಟಿ ಸೀಯುವುದರೊಳಗೆ ಒಳಗೆ ಓಡುವುದು. ಓದುವ ಪದ್ಧತಿ ಇರಲಿಲ್ಲ. ಗ್ಯಾಸ್ ಸಿಲಿಂಡರಿನ ಕಾಗದ ಇರಬೇಕು ಎಂದುಕೊಂಡಿದ್ದೆ. ಹೀಗೆ ನಾನು ರೇಡಿಯೋ ಕೇಂದ್ರದ ಒಡತಿಯಾದೆ, ನನಗೆ ತಿಳಿಯದಂತೆ.

ಕೇಂದ್ರವನ್ನು ತೆರೆದದ್ದು ಎಲ್ಲಿ? ನಮ್ಮ ಗೋದಾಮಿನ ಮೇಲಿನ ಕೋಣೆಯಲ್ಲಿ. ಸದ್ದು ಒಳಬರಬಾರದೆಂದು ಗೋಡೆಗೆಲ್ಲ ಗೋಣಿಚೀಲ ಹೊಡೆದರು. ಆ ಚೀಲಗಳಲ್ಲಿ ಅದುವರೆಗೆ ಮೆಣಸಿನಕಾಯಿ ತುಂಬಿದ್ದರು ಎಂಬುದು ಯಾರಿಗೂ ನೆನಪಾಗಲಿಲ್ಲ. ಮೊದಲ ದಿನ “ಆತ್ಮೀಯ ಕೇಳುಗರೇ” ಎನ್ನುವಷ್ಟರಲ್ಲಿ ಸೀನು ಹತ್ತಿದ ನಿಮ್ಮ ಅಜ್ಜ, ನಮಸ್ಕಾರ ಹೇಳುವಾಗ ಕಣ್ಣೀರು ಸುರಿಸುತ್ತಿದ್ದರಂತೆ. ಆ ಒಡೆದ ದನಿ ಕೇಳಿ, ಎಷ್ಟು ಭಾವುಕರಾಗಿದ್ದಾರೆ ಎಂದು ಊರವರೂ ಕಣ್ಣೊರೆಸಿಕೊಂಡರು. ಸುಗ್ಗಿಯಲ್ಲಂತೂ ಕೆಮ್ಮಿಲ್ಲದ ಕಾರ್ಯಕ್ರಮವೇ ಇರಲಿಲ್ಲ. “ಇವತ್ತ ಭಾಳ ಕೆಮ್ಮಾಕತ್ಯಾರ, ಮಾಲು ಛಲೋ ಬಂದಂಗ ಕಾಣ್ತೈತಿ” ಎಂದು ರೈತರು ಮನೆಯಲ್ಲೇ ಕೂತು ಲೆಕ್ಕ ಹಾಕುತ್ತಿದ್ದರು.

ಬೆಳಿಗ್ಗೆ ಮೊದಲ ಮಾತು ನಿಮ್ಮ ಅಜ್ಜನದು: ಇವತ್ತು ಕಾಯಿ ಒಣಹಾಕಬಹುದೋ, ತಾಡಪತ್ರಿ ಹೊದಿಸಿಡಬೇಕೋ. ಇದನ್ನು ಅವರು ಯಾರನ್ನು ಕೇಳುತ್ತಿದ್ದರು ಗೊತ್ತೇ? ಚಪ್ಪಲಿ ಮೆಟ್ಟಿಕೊಳ್ಳುತ್ತಾ, ತಿರುಗಿ ನೋಡದೆಯೇ, “ಏನಂತೈತಿ ಮುಗಲು?” ಎನ್ನುತ್ತಿದ್ದರು. ನಾನು ಹಿತ್ತಲಿಗೆ ಹೋಗಿ ಮೋಡ ನೋಡಿ, ಇರುವೆಗಳ ಓಡಾಟ ನೋಡಿ ಒಂದು ಮಾತು ಹೇಳುತ್ತಿದ್ದೆ. ಸ್ವಲ್ಪ ಹೊತ್ತಿನಲ್ಲಿ ಅದೇ ಮಾತು ಅವರ ದಪ್ಪ ದನಿಯಲ್ಲಿ ನನ್ನ ಅಡುಗೆಮನೆಯ ರೇಡಿಯೋದಿಂದ ಬರುತ್ತಿತ್ತು. ಒಮ್ಮೆ ನಾನು ಬಿಸಿಲು ಎಂದ ದಿನ ಮಳೆ ಬಂತು. ಪೇಟೆಯಿಂದ ತೊಯ್ದು ಬಂದ ಅವರು, “ಹೇಳಿದಾಕಿ ನೀನು, ಬೈಸ್ಕೊಂಡಾಂವ ನಾನು” ಎಂದು ನಕ್ಕರು. ನಮ್ಮಿಬ್ಬರ ಸಂಸಾರದಲ್ಲಿ ಮಾತು ಬಹಳ ಇರಲಿಲ್ಲ. ಇದ್ದ ಒಂದು ಮಾತನ್ನು ತಾಲ್ಲೂಕೆಲ್ಲ ಕೇಳುತ್ತಿತ್ತು.

ಅವರು ಹೋದ ಮೇಲೆ ಭಜನಾ ಮಂಡಳದ ಹುಡುಗಿಯರು ಸರದಿಯ ಮೇಲೆ ರೇಡಿಯೋ ನಡೆಸಿಕೊಂಡು ಬಂದರು. ಹೋದ ವರ್ಷ ವಕೀಲರು ರಾಣೆಬೆನ್ನೂರಿನ ಒಬ್ಬ ಬೀಜದ ವ್ಯಾಪಾರಿಯನ್ನು ಕರೆದುಕೊಂಡು ಮನೆಗೆ ಬಂದರು. ನಮ್ಮ ಮಂಡಳದಲ್ಲಿ ಆ ವ್ಯಾಪಾರಿಯ ಕಡೆಯವರನ್ನು ತುಂಬಿಕೊಂಡು ನಾವು ಜಾಗ ಬಿಟ್ಟುಕೊಟ್ಟರೆ ರೇಡಿಯೋ ಅವನದಾಗುತ್ತದಂತೆ. “ಅಧ್ಯಕ್ಷರ ಸಹಿ ಒಂದು ಬೇಕ್ರಿ ವೈನಿ” ಎಂದರು. ಅಧ್ಯಕ್ಷರು ಯಾರು ಎಂದು ನಾನು ಬಾಗಿಲ ಕಡೆ ನೋಡಿದೆ. ಅಲ್ಲಿ ಯಾರೂ ಇರಲಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

ಗಾಬರಿಯಲ್ಲಿ “ಚಷ್ಮಾ ಸಿಗವಲ್ದು” ಎಂದೆ. ಮುಂದಿನ ವಾರ ಬಂದರು. ಅವತ್ತು ಅಮಾವಾಸ್ಯೆ ಎಂದೆ. ಮೂರನೆಯ ಸಲ ವ್ಯಾಪಾರಿ ಪಂಚಾಂಗ ನೋಡಿಕೊಂಡೇ ಬಂದಿದ್ದ. ಜೇಬಿನಿಂದ ಮೂರು ಚಷ್ಮಾ ತೆಗೆದು ಸಾಲಾಗಿ ಇಟ್ಟು, “ಯಾವುದ ಹೊಂದ್ತೈತಿ ನೋಡ್ರಿ ಅಮ್ಮಾರ” ಎಂದ. ಎರಡನೆಯದು ಚೆನ್ನಾಗಿ ಹೊಂದಿತು. ಕಾಗದದ ಅಕ್ಷರಗಳೆಲ್ಲ ಇರುವೆ ಸಾಲಿನ ಹಾಗೆ ಸ್ಪಷ್ಟವಾಗಿ ಕಂಡವು. ಜೀವಮಾನದಲ್ಲಿ ಮೊದಲ ಸಲ, ಸಹಿ ಮಾಡುವ ಕಾಗದವನ್ನು ಓದಿದೆ.

“ಮುಂಜಾನೆ ಕಾಯಿ ಒಣಹಾಕೋ ಸುದ್ದಿ ಇರ್ತೈತೇನ್ರಿ?” ಎಂದು ನೆಲ ನೋಡುತ್ತಾ ಕೇಳಿದೆ.

“ಅದ್ಯಾಕ್ರಿ ಈಗ? ಮೋಬೈಲಿನಾಗ ಬರ್ತೈತಲ್ರಿ. ನಾವು ಎಲ್ಲಾ ಕಂಪ್ಯೂಟರಿನಾಗ ತುಂಬಿ ಬಿಡ್ತೀವ್ರಿ, ದಿನಾ ಪೂರ್ತಿ ಹಾಡ. ಮಾತಾಡೋರು ಬ್ಯಾಡ, ಕೆಮ್ಮೋರೂ ಬ್ಯಾಡ” ಎಂದ ವ್ಯಾಪಾರಿ.

ಪೆನ್ನು ಕೈಯಲ್ಲಿತ್ತು. ಒಲ್ಲೆ ಎನ್ನಲು ಬಾಯಿ ಬರಲಿಲ್ಲ. ಸಹಿ ಮಾಡಲು ಕೈ ಏಳಲಿಲ್ಲ. “ಚಹಾ ತರ್ತೀನಿ” ಎಂದು ಅಡುಗೆಮನೆಗೆ ಹೋದವಳು ಹೊರಗೆ ಬರಲೇ ಇಲ್ಲ. ಸೊಸೆ ಸುಮಂಗಲಾ ಚಹಾ ಕೊಟ್ಟು ಬಂದಳು. ಆಮೇಲೆ ಚುರುಮುರಿ ಒಯ್ದಳು, ಮಿರ್ಚಿ ಒಯ್ದಳು. “ಅತ್ತೀ, ಅವರು ಕೇಳಾಕತ್ತಾರ, ಏನ್ ಹೇಳ್ಲಿ?” “ಇನ್ನೊಂದ್ ಸರೆ ಚಹಾ ಕೊಡು” ಎಂದೆ. ಮೂರನೆಯ ಚಹಾ ಮುಗಿದ ಮೇಲೆ ವಕೀಲರ ದನಿ ಕೇಳಿಸಿತು: “ಏಳ್ರಿ ಸಾಹುಕಾರ್ರ, ಹೋಗೂಣು. ವೈನಿ ಒಲ್ಲೆ ಅಂದ್ರು.” ನಾನು ಹಾಗೆ ಅಂದಿರಲಿಲ್ಲ. ಆದರೆ ವಕೀಲರು ನಮ್ಮ ಕಡೆಯವರು. ಹೆಂಗಸು ಅಡುಗೆಮನೆಯಿಂದ ಬರದಿದ್ದರೆ ಅದಕ್ಕೆ ಏನರ್ಥ ಎಂದು ಬಲ್ಲವರು.

ರೇಡಿಯೋ ಬ್ಯಾಡಗಿಯಲ್ಲೇ ಉಳಿಯಿತು. ಊರಲ್ಲಿ ನನ್ನನ್ನು ಈಗ ಗಟ್ಟಿಗಿತ್ತಿ ಎನ್ನುತ್ತಾರೆ. ನೀರಿನ ಕೊಡದ ಮರೆಯಲ್ಲಿ ಅಡಗಿ ಕೂತಿದ್ದ ಗಟ್ಟಿಗಿತ್ತಿಯನ್ನು ಸುಮಂಗಲಾ ಒಬ್ಬಳೇ ಕಂಡಿದ್ದಾಳೆ, ಅವಳು ಯಾರಿಗೂ ಹೇಳುವುದಿಲ್ಲ.

ಹೋದ ಗುರುವಾರ ನಮ್ಮ ರೇಡಿಯೋದ ಮೆಚ್ಚಿನ ಹಾಡಿನ ಕಾರ್ಯಕ್ರಮಕ್ಕೆ ಧೈರ್ಯ ಮಾಡಿ ಫೋನ್ ಹಚ್ಚಿದೆ. ಬೀಸುವಾಗ ನಮ್ಮವ್ವ ಹೇಳುತ್ತಿದ್ದಂಥ ಒಂದು ಹಾಡು ಕೇಳಬೇಕೆನಿಸಿತ್ತು. “ಯಾರ್ರಿ ಮಾತಾಡೋದು?” ಎಂದಳು ಹುಡುಗಿ. ಖರೇ ಹೆಸರು ಹೇಳಲು ನಾಚಿಕೆಯಾಯಿತು. ಬಾಯಿಗೆ ಬಂದದ್ದು, “ಮೋಟೆಬೆನ್ನೂರಿನಿಂದ... ಕಮಲವ್ವ.”

“ಟೈಮ್ ಮುಗದೈತ್ರಿ ಕಮಲಜ್ಜಿ. ಮುಂದಿನ ವಾರ ಲಗೂ ಫೋನ್ ಹಚ್ರಿ.”

“ಹೂಂನವಾ” ಎಂದು ಮಾಲಕಿ ಫೋನ್ ಇಟ್ಟಳು.