ಭಾವನ ಬ್ಯಾಂಡು, ಅಕ್ಕನ ಷರತ್ತು

ಮೈಕ್‌ಸೆಟ್ ಬಾಡಿಗೆಗೆ ಕೊಡುವವನ ಬದುಕಿನಲ್ಲಿ ನಗೆಪಾಟಲಿಗೆ ಯಾವತ್ತೂ ಬರ ಬರುವುದಿಲ್ಲ. ಅದರ ಮೇಲೆ ಸ್ವಂತ ಭಾವನೇ ಬ್ಯಾಂಡು ಕಟ್ಟಿದರೆ ಕೇಳಬೇಕೆ.

ಸಾಗರದಲ್ಲಿ ನನ್ನ ಅಂಗಡಿ. ಭಾವ ಎಂದರೆ ನನ್ನ ಅಕ್ಕನ ಗಂಡ, ಅಕ್ಕಿ ಗಿರಣಿಯ ಮೆಕ್ಯಾನಿಕ್ಕು. ಎಪ್ಪತ್ತರ ದಶಕ ಮುಗಿಯುತ್ತಿದ್ದಾಗ ಎಲ್ಲಿಂದಲೋ ಒಂದು ಎಲೆಕ್ಟ್ರಿಕ್ ಗಿಟಾರು ಹೊತ್ತುಕೊಂಡು ಬಂದ. ಊರಿನ ಬೇರೆ ಬ್ಯಾಂಡಿನವರೆಲ್ಲ ಮದುವೆಮನೆಯಲ್ಲಿ ಸಿನಿಮಾ ಹಾಡು ನುಡಿಸುತ್ತಿದ್ದ ಕಾಲ ಅದು. ಭಾವನಿಗೆ ಅದೆಲ್ಲ ಸಪ್ಪೆ. "ಸಂಗೀತ ಅಂದ್ರೆ ಎದೆಗೆ ಗುದ್ದಬೇಕು ಕಣೋ" ಎನ್ನುತ್ತಿದ್ದ. ಗುದ್ದುವುದಕ್ಕೆ ಒಬ್ಬ ಡೊಳ್ಳಿನವನನ್ನು ಹಿಡಿದ. ಹಾರ್ಮೋನಿಯಂಗೆ ಒಬ್ಬ ಡ್ರಾಯಿಂಗ್ ಮೇಷ್ಟ್ರು ಸಿಕ್ಕರು. ಆಂಪ್ಲಿಫಯರಿನ ಕಿವಿ ತಿರುಪುವ ಕೆಲಸ ನನ್ನ ಪಾಲಿಗೆ ಬಂತು. ಇದಕ್ಕೆ ಭಾವ ಇಟ್ಟ ಹೆಸರು 'ಹೊಸ ಪ್ರಯೋಗ'. ನಾಲ್ಕೂ ಜನ ಒಟ್ಟಿಗೆ ಶುರುಮಾಡಿ, ಒಟ್ಟಿಗೆ ಜೋರುಮಾಡಿ, ಸುಸ್ತಾದಾಗ ನಿಲ್ಲಿಸುವುದೇ ಆ ಪ್ರಯೋಗ.

ಮೊದಲ ದಿನವೇ ಅಕ್ಕ ಗಿಟಾರನ್ನು ಸೌದೆ ಕೊಟ್ಟಿಗೆಗೆ ಹಾಕಿಸಿದಳು. "ಹೊರಗಿನವರು ಒಬ್ಬರಾದ್ರೂ ಕೊನೇವರೆಗೂ ಕೂತು ಕೇಳಿದ್ರು ಅಂತ ಗೊತ್ತಾಗ್ಲಿ, ಅವತ್ತು ಇದು ಮನೆಯೊಳಗೆ ಬರ್ತದೆ. ಒಬ್ರು ಸಾಕು" ಎಂದಳು. ಭಾವ ನಕ್ಕ. ಒಬ್ಬರು ಸಿಗುವುದು ಅಷ್ಟು ಕಷ್ಟ ಎಂದು ಆಗ ಅವನಿಗೆ ಗೊತ್ತಿರಲಿಲ್ಲ.

ನೀರಿನ ನಡುವೆ

ಬ್ಯಾಕೋಡಿನಲ್ಲಿ ಒಂದು ಮದುವೆಗೆ ಹೊರಟಿದ್ದೆವು. ಹಿನ್ನೀರು ದಾಟಲು ಲಾಂಚ್ ಹತ್ತಿದೆವು. ಜೊತೆಗೆ ಕಾರಿನ ಬ್ಯಾಟರಿ, ಆಂಪ್ಲಿಫಯರು, ಎರಡು ಡೊಳ್ಳು. ಅರ್ಧ ದಾರಿಯಲ್ಲಿ ಭಾವನಿಗೆ ಕೈ ತುರಿಸಿತು. "ಒಂದ್ಸಲ ನೋಡ್ಕಂಡ್ಬಿಡೋಣ" ಎಂದ.

ನುಡಿಸಲು ಶುರುಮಾಡಿ ಎರಡು ನಿಮಿಷ ಆಗಿರಲಿಲ್ಲ, ಲಾಂಚಿನ ಡ್ರೈವರು ಇಂಜಿನ್ ನಿಲ್ಲಿಸಿಬಿಟ್ಟ. ಬೇರಿಂಗ್ ಹೋಗಿದೆ ಎಂದುಕೊಂಡು ಹಲಗೆ ಎತ್ತಿ, ಸ್ಪ್ಯಾನರ್ ಹಿಡಿದು ಕೆಳಗಿಳಿದ. ನಾವು ಕಣ್ಣು ಮುಚ್ಚಿ ನುಡಿಸುತ್ತಲೇ ಇದ್ದೆವು. ಇಂಜಿನ್ ತಣ್ಣಗೆ ಕೂತಿದೆ, ಸದ್ದು ಮಾತ್ರ ನಿಂತಿಲ್ಲ. ಕೊನೆಗೆ ಎಣ್ಣೆ ಕೈಯಲ್ಲೇ ಮೇಲೆ ಬಂದು ನಮ್ಮನ್ನು ನೋಡಿದ. ನಾವು ಮುಗಿಸುವವರೆಗೂ ಕೈ ಒರೆಸಿಕೊಳ್ಳುತ್ತಾ ನಿಂತ.

"ಸ್ವಾಮಿ," ಎಂದ, "ನೀವು ನಿಲ್ಸಿದ್ರೆ ನಾನು ಹೊರಡ್ತೀನಿ."

ಭಾವ ಮನೆಗೆ ಬಂದವನೇ ಅಕ್ಕನಿಗೆ ಹೇಳಿದ: "ಒಂದು ಲಾಂಚ್ ಜನ ಕೊನೇವರೆಗೂ ಕೇಳಿದ್ರು, ಒಬ್ರೂ ಎದ್ದು ಹೋಗ್ಲಿಲ್ಲ."

ಅಕ್ಕ ಅಕ್ಕಿ ಆರಿಸುತ್ತಾ ಕೇಳಿದಳು: "ಎದ್ದು ಎಲ್ಲಿಗೆ ಹೋಗ್ಬೇಕಿತ್ತು?"

ಅವತ್ತು ಷರತ್ತಿಗೆ ಒಂದು ತಿದ್ದುಪಡಿ ಬಿತ್ತು. ಕೇಳುವವರಿಗೆ ಓಡಿಹೋಗಲು ದಾರಿ ಇರಬೇಕು.

ಮಾಸ್ತಿಕಟ್ಟೆಯ ಸೈರನ್ನು

ದಾರಿ ಇರುವ ಜಾಗ ಬೇಕಲ್ಲ, ಮಾಸ್ತಿಕಟ್ಟೆಗೆ ಹೋದೆವು. ಆಗ ಅಲ್ಲಿ ಡ್ಯಾಮಿನ ಕೆಲಸ. ಕೆಲಸಗಾರರ ಕ್ಯಾಂಪಿನಲ್ಲಿ ಗಣಪತಿ ಇಟ್ಟಿದ್ದರು. ಮುನ್ನೂರು ಜನ ಬಯಲಲ್ಲಿ ಕೂತಿದ್ದರು. ನಾಲ್ಕೂ ಕಡೆ ದಾರಿ.

ಭಾವ ಗಿಟಾರನ್ನು ಸ್ಪೀಕರಿನ ಹತ್ತಿರ ತಂದ. ಅದು 'ಕುಂಯ್' ಎಂದು ಎಳೆಯಲು ಶುರುಮಾಡಿತು. ಅದು ಅವನ ಹೊಸ ಪ್ರಯೋಗ, ನಾನು ಸೌಂಡು ಕೊಟ್ಟೆ. ನೋಡನೋಡುತ್ತಿದ್ದಂತೆ ಮುನ್ನೂರು ಜನ ಎದ್ದರು, ಮಕ್ಕಳನ್ನು ಎತ್ತಿಕೊಂಡು ಬಂಡೆಗಳ ಹಿಂದೆ ಹೋಗಿ ಕೂತರು. ಅಲ್ಲಿ ದಿನಾ ಬಂಡೆ ಸಿಡಿಸುವ ಮುಂಚೆ ಸೈರನ್ ಕೂಗಿಸುತ್ತಿದ್ದರು. ಕೂಗಿದ ಕೂಡಲೇ ಅಡಗುವುದು ಆ ಜನಕ್ಕೆ ಉಸಿರಾಟದಷ್ಟು ಅಭ್ಯಾಸ. ಅಷ್ಟರಲ್ಲಿ ಡೊಳ್ಳಿನವನು ಢಂ ಎನ್ನಿಸಿದ. ಬಂಡೆಯ ಹಿಂದಿನಿಂದ ಒಬ್ಬರು "ಒಂದು" ಎಂದು ಎಣಿಸಿದ್ದು ನಮಗೆ ಕೇಳಿಸಿತು.

ನಾವು ಮುಗಿಸಿದರೂ ಯಾರೂ ಹೊರಗೆ ಬರಲಿಲ್ಲ. ಆಮೇಲೆ ಕ್ಯಾಂಪಿನ ಮೇಸ್ತ್ರಿ ಬಂದು ಮೆಲ್ಲಗೆ ಹೇಳಿದ: "ಇನ್ನೊಂದು ಸಲ ಕೂಗ್ಸಿ. ಎರಡನೇ ಸೈರನ್ ಆಗದೆ ಇವರು ಏಳೋದಿಲ್ಲ."

ಮೇಷ್ಟ್ರು ಹಾರ್ಮೋನಿಯಂನ ಒಂದೇ ಮನೆ ಒತ್ತಿ ಹಿಡಿದರು. ಎಲ್ಲರೂ ಮೈ ಕೊಡವಿಕೊಂಡು ಬಂದು ಪ್ರಸಾದ ತೆಗೆದುಕೊಂಡು ಹೋದರು.

ಮೊದಲ ಕ್ಯಾಸೆಟ್ಟು

ಟೇಪ್‌ರೆಕಾರ್ಡರುಗಳು ಮನೆಮನೆಗೆ ಬಂದವು. ಎದುರಿಗೆ ಕೂತು ಕೇಳದಿದ್ದವರು ಮನೆಯಲ್ಲಿ ಕೇಳಬಹುದು ಎಂದು ಭಾವ ಒಂದು ಕ್ಯಾಸೆಟ್ಟು ಮಾಡಿಸಿದ. ನನ್ನ ಅಂಗಡಿಯಲ್ಲೇ ರೆಕಾರ್ಡಿಂಗು, ನನ್ನ ಅಂಗಡಿಯಲ್ಲೇ ಮಾರಾಟ. ಯಾರೂ ಮುಟ್ಟಲಿಲ್ಲ. ಆಮೇಲೆ ತೀರ್ಥಹಳ್ಳಿ ಕಡೆಯಿಂದ ಒಬ್ಬ ಗೌಡರು ಬಂದು ಒಂದು ಕೊಂಡರು. ಹದಿನೈದು ದಿನಕ್ಕೆ ಮತ್ತೆ ಬಂದು ಇನ್ನೂ ಮೂರು ಕೊಂಡರು.

ಭಾವನ ಕಣ್ಣಲ್ಲಿ ನೀರು. ನಾಲ್ಕೂ ಜನ ಇಸ್ತ್ರಿ ಅಂಗಿ ಹಾಕಿಕೊಂಡು ಬಸ್ಸು ಹತ್ತಿ ಅವರ ಮನೆಗೆ ಹೋದೆವು. ಗೌಡರು ಸಂಭ್ರಮದಿಂದ ಬಾಳೆತೋಟಕ್ಕೇ ಕರೆದುಕೊಂಡು ಹೋದರು. ಕಾವಲಿನ ಅಟ್ಟಣೆಯಲ್ಲಿ ಟೇಪ್‌ರೆಕಾರ್ಡರು ಕಟ್ಟಿತ್ತು, ನಮ್ಮದೇ ಸಂಗೀತ ಬಡಿಯುತ್ತಿತ್ತು.

"ನೋಡಿ ಮಾರಾಯ್ರೆ, ಒಂದೇ ಒಂದು ಮಂಗ ಇದ್ಯಾ?" ಎಂದರು. "ಗರ್ನಾಲು ಹೊಡ್ದೆ, ಡಬ್ಬ ಬಡ್ದೆ, ಯಾವ್ದಕ್ಕೂ ಹೆದರ್ಲಿಲ್ಲ. ಇದು ಹಾಕಿದ್ದೇ ಹಾಕಿದ್ದು, ಆಚೆ ಗುಡ್ಡಕ್ಕೆ ಹೋದವು. ನಿಮ್ಮ ಕೈಗೆ ಬಂಗಾರದ ಬಳೆ ತೊಡಿಸ್ಬೇಕು."

ಹೋಳಿಗೆ ಊಟ ಹಾಕಿದರು. ಭಾವ ತುಪ್ಪ ಬೇಡ ಎಂದ. ವಾಪಸು ಬಂದು ನಡೆದದ್ದನ್ನು ನಾನೇ ಅಕ್ಕನಿಗೆ ಹೇಳಿದೆ. ಅಕ್ಕ ಅವತ್ತು ನಗಲಿಲ್ಲ. "ಇನ್ನೊಂದ್ಸಲ ನೋಡಿ. ಅದೂ ಆಗ್ಲಿಲ್ಲ ಅಂದ್ರೆ ಯಾರಿಗಾದ್ರೂ ಕೊಟ್ಬಿಡಿ, ನಿಮ್ಮ ಮುಖ ನೋಡೋಕಾಗಲ್ಲ" ಎಂದಳು.

ತೌಡಿನ ಮಹಿಮೆ

ಅಂಗಡಿಯ ಅಕ್ಕಪಕ್ಕದವರು ಇಲ್ಲಿ ಮಾತ್ರ ಬೇಡಿ ಎಂದು ಕೈಮುಗಿದು ಕೇಳಿಕೊಂಡದ್ದರಿಂದ ಎರಡನೇ ಕ್ಯಾಸೆಟ್ಟಿನ ರೆಕಾರ್ಡಿಂಗು ಭಾನುವಾರ ಗಿರಣಿಯ ಉಗ್ರಾಣದಲ್ಲಿ ಆಯಿತು. ಸುತ್ತ ತೌಡಿನ ಮೂಟೆ. ಡೊಳ್ಳಿಗೆ ಒಂದು ಪೆಟ್ಟು ಬಿದ್ದರೆ ಸಾಕು, ತೌಡಿನ ಧೂಳು ಏಳುತ್ತಿತ್ತು. ಏಳುವುದೇ ತಡ, ಯಾರಿಗಾದರೂ ಸೀನು. ಟೇಪಿನಲ್ಲಿ ಸೀನು ಬೀಳಬಾರದು. ಹಾಗಾಗಿ ಒಂದು ಕಟ್ಟುಪಾಡು ಮಾಡಿಕೊಂಡೆವು: ಸೀನು ಬರುವ ಸೂಚನೆ ಸಿಕ್ಕವನು ನುಡಿಸುವುದು ನಿಲ್ಲಿಸಿ ಮೂಗು ಹಿಡಿದುಕೊಳ್ಳಬೇಕು.

ಸಂಜೆ ಹಾಕಿ ಕೇಳಿದೆವು. ಡೊಳ್ಳಿನವನು ಮೂಗು ಹಿಡಿದಲ್ಲಿ ಗಿಟಾರು ಕೇಳಿಸುತ್ತಿತ್ತು. ಭಾವ ಮೂಗು ಹಿಡಿದಲ್ಲಿ ಹಾರ್ಮೋನಿಯಂ ತೇಲಿ ಬರುತ್ತಿತ್ತು. ಮೇಷ್ಟ್ರು ಟೇಪ್‌ರೆಕಾರ್ಡರಿಗೆ ಕಿವಿ ಹಚ್ಚಿ, "ಇದು ನಾನಾ? ಇಷ್ಟು ವರ್ಷಕ್ಕೆ ನನ್ನ ಪೆಟ್ಟಿಗೆ ಕೇಳಿಸಿದ್ದು ಇದೇ ಮೊದಲು" ಎಂದರು. ಒಬ್ಬರು ನುಡಿಸುವಾಗ ಇನ್ನೊಬ್ಬರು ಸುಮ್ಮನಿರಬಹುದು ಎನ್ನುವ ದೊಡ್ಡ ವಿದ್ಯೆಯನ್ನು ನಮಗೆ ಕಲಿಸಿದ್ದು ತೌಡು.

ಕಾಫಿ ತಂದ ಅಕ್ಕ ಬಾಗಿಲಲ್ಲಿ ತುಂಬ ಹೊತ್ತು ನಿಂತಿದ್ದಳು. "ಲೋಟ ಖಾಲಿ ಆಗ್ಲಿ ಅಂತ ನಿಂತಿದ್ದೆ" ಎಂದಳು. ಲೋಟ ಆಗಲೇ ಖಾಲಿಯಾಗಿತ್ತು.

ಗೌಡರ ದೂರು

ಹೊಸ ಕ್ಯಾಸೆಟ್ಟನ್ನು ಮೊದಲು ಕೊಂಡವರೂ ಗೌಡರೇ. "ಹಳೇದು ಸವೆದಿದೆ, ಹೊಸ ಸರಕು ಇನ್ನೂ ಜೋರಿರಬೇಕು" ಎಂದುಕೊಂಡು ಹೋದರು. ಎಂಟೇ ದಿನಕ್ಕೆ ಕೆಂಡವಾಗಿ ಬಂದರು. ಅಂಗಡಿಯಲ್ಲಿ ಭಾವನೂ ಇದ್ದ, ಅಕ್ಕನೂ ಇದ್ದಳು.

"ಎಂಥ ಕ್ಯಾಸೆಟ್ ಮಾಡಿದ್ದೀರಿ? ಮಂಗ ಓಡೋದಿರ್ಲಿ, ಗುಡ್ಡದಲ್ಲಿದ್ದವೂ ಇಳಿದು ಬಂದವು. ಬೇಲಿ ಮೇಲೆ ಸಾಲಾಗಿ ಕೂತವು."

ಭಾವನ ಮುಖ ಬಿಳಿಚಿಕೊಂಡಿತು. "ಆಮೇಲೆ?" ಎಂದೆ ನಾನು.

"ಆಮೇಲೆಂಥದು, ಮೂರು ಗೊನೆ ನನ್ನ ಕಣ್ಣೆದುರೇ ತಿಂದವು."

ಅಕ್ಕ ಮುಂದೆ ಬಂದಳು. "ನೀವೇನು ಮಾಡ್ತಿದ್ರಿ?"

"ಕೂತಿದ್ದೆ."

"ಓಡಿಸ್ಲಿಲ್ವಾ?"

"ಓಡಿಸ್ಬೇಕು ಅಂತ ಕಲ್ಲು ಕೈಯಲ್ಲೇ ಇತ್ತಮ್ಮ. ಹಾರ್ಮೋನಿಯಂ ಬರೋ ಹೊತ್ತು, ಇದೊಂದು ಮುಗೀಲಿ ಅಂತ ಕೂತೆ. ಅಷ್ಟರಲ್ಲಿ ಒಂದು ಕಡೆ ಮುಗೀತು."

"ಮುಗೀತಲ್ಲ, ಆಮೇಲೆ?"

ಗೌಡರು ತಲೆ ತಗ್ಗಿಸಿದರು. "ಮಗುಚಿ ಹಾಕ್ದೆ."

"ಅದೂ ಪೂರ್ತಿ?"

"ಪೂರ್ತಿ. ಊಟಕ್ಕೆ ಕರೆದ್ರೂ ಏಳ್ಲಿಲ್ಲ."

ನಾನು ಹಳೇ ಕ್ಯಾಸೆಟ್ಟೊಂದನ್ನು ಮುಂದಿಟ್ಟು, ಬದಲಿಗೆ ಹೊಸದನ್ನು ಕೊಡಿ ಎಂದು ಕೈ ಚಾಚಿದೆ. ಗೌಡರು ಜೇಬನ್ನು ಗಟ್ಟಿಯಾಗಿ ಹಿಡಿದುಕೊಂಡು ಎರಡು ಹೆಜ್ಜೆ ಹಿಂದೆ ಸರಿದರು. "ಇದನ್ಯಾಕೆ ಕೊಡ್ಲಿ? ಅದು ತೋಟಕ್ಕೆ, ಇದು ಮನೆಗೆ."

ಅವತ್ತು ಸಂಜೆ ಅಕ್ಕ ತಾನೇ ಕೊಟ್ಟಿಗೆಗೆ ಹೋಗಿ, ಗಿಟಾರಿನ ಮೇಲಿನ ಜೇಡರ ಬಲೆ ಸೆರಗಲ್ಲಿ ಒರೆಸಿ, ಒಳಗೆ ತಂದು ದೇವರ ಕೋಣೆಯ ಪಕ್ಕದ ಗೋಡೆಗೆ ಒರಗಿಸಿದಳು. ಭಾವ ಅದರ ತಂತಿಯನ್ನೊಮ್ಮೆ ಮುಟ್ಟಿ ನೋಡಿ, "ಹಾಗಾದ್ರೆ ಉಳಿದ ಹಳೇ ಕ್ಯಾಸೆಟ್ಟೆಲ್ಲ ಗೌಡ್ರಿಗೇ ಕೊಟ್ಬಿಡ್ತೀನಿ" ಎಂದ.

"ಎಲ್ಲಾ ಕೊಡ್ಬೇಡಿ," ಎಂದಳು ಅಕ್ಕ. "ಮನೇಲೂ ಒಂದಿರ್ಲಿ. ಬೇಸಿಗೆ ರಜಕ್ಕೆ ನಿಮ್ಮ ಕಡೆಯವರು ಬರ್ತಾರೆ."